ಮೂವತ್ತೆರಡು ವರ್ಷ, ಒಂದೇ ಮುಖ

ಇಬ್ಬರು ಹೆಂಗಸರು ಹಳೆಯ ಫೋಟೊಗಳನ್ನೂ ಹಳೆಯ ಫಿಲ್ಮಿನ ತುಣುಕುಗಳನ್ನೂ ಮುಂದಿಟ್ಟುಕೊಂಡು ಮಾತಾಡುತ್ತಾರೆ. ಒಬ್ಬರು ಅಮೆರಿಕದ ಹೆಸರಾಂತ ಛಾಯಾಗ್ರಾಹಕಿ ಮೇರಿ ಎಲೆನ್ ಮಾರ್ಕ್, ವಯಸ್ಸು ಎಪ್ಪತ್ತು ದಾಟಿದೆ. ಇನ್ನೊಬ್ಬಾಕೆ ನಲವತ್ತು ದಾಟಿದ, ಹತ್ತು ಮಕ್ಕಳನ್ನು ಹೆತ್ತ ತಾಯಿ. ಆಕೆಗೆ ಕಾಗದಪತ್ರದಲ್ಲಿ ಬೇರೆ ಹೆಸರಿದೆ. ಲೋಕಕ್ಕೆ ಗೊತ್ತಿರುವುದು ಬೀದಿಯಲ್ಲಿ ಅಂಟಿಕೊಂಡ ಅಡ್ಡಹೆಸರು, ಟೈನಿ. ತುಣುಕುಗಳಲ್ಲಿರುವ ಹುಡುಗಿಗೆ ಇನ್ನೂ ಹದಿನಾಲ್ಕು ವರ್ಷ. ಪೀಚಲು ಮೈ, ಚುರುಕು ಮಾತು, ಅಪರಿಚಿತರ ಕಾರು ಹತ್ತಿ ಹೋಗುವ ಬದುಕು. ಅವಳ ಮುಂದೆ ಏನೇನು ಕಾದಿತ್ತು ಎಂಬುದು ನೋಡುತ್ತ ಕೂತ ಇಬ್ಬರಿಗೂ ಗೊತ್ತು. ಮಾರ್ಟಿನ್ ಬೆಲ್ ನಿರ್ದೇಶಿಸಿ 2016ರಲ್ಲಿ ಹೊರಬಂದ 'ಟೈನಿ' ಎಂಬ ಸಾಕ್ಷ್ಯಚಿತ್ರ ಹೀಗೆ ಈ ಇಬ್ಬರ ನೆನಪಿನ ಮೇಲೆ ನಿಂತಿದೆ. ಬೀದಿಯ ಅಮಲನ್ನು ಕ್ಯಾಮೆರಾದಲ್ಲಿ ಹಿಡಿದವರು ಅನೇಕರಿದ್ದಾರೆ. ಹಿಡಿದ ಮುಖದ ಪಕ್ಕದಲ್ಲೇ ಮೂರು ದಶಕ ಕಳೆದ ಮೇಲೆ ಕೂತು, ಅಂದು ನಿನಗೇನಾಗುತ್ತಿತ್ತು ಎಂದು ಕೇಳಿದವರು ಬಹಳ ಕಡಿಮೆ.

ಕತೆ ಶುರುವಾದದ್ದು 1983ರಲ್ಲಿ. ಅಮೆರಿಕದ ಮನೆಮನೆಗೆ ಹೋಗುತ್ತಿದ್ದ 'ಲೈಫ್' ಪತ್ರಿಕೆ, ಮನೆ ಬಿಟ್ಟು ಓಡಿಬಂದು ಬೀದಿಯಲ್ಲಿ ಬದುಕುವ ಮಕ್ಕಳ ಬಗ್ಗೆ ಒಂದು ಸಚಿತ್ರ ಲೇಖನ ಮಾಡಬೇಕೆಂದು ಮಾರ್ಕ್ ಮತ್ತು ವರದಿಗಾರ್ತಿ ಶೆರಿಲ್ ಮೆಕಾಲ್ ಅವರನ್ನು ಕಳಿಸಿತು. ಊರು ವಾಷಿಂಗ್ಟನ್ ರಾಜ್ಯದ ಸಿಯಾಟಲ್. ನ್ಯೂಯಾರ್ಕ್, ಲಾಸ್ ಏಂಜಲಿಸ್‌ಗಳನ್ನು ಬಿಟ್ಟು ಸಿಯಾಟಲ್ ಯಾಕೆ? ಆ ದಿನಗಳಲ್ಲಿ ಬಾಳಲು ಅತ್ಯಂತ ಹಿತವಾದ ನಗರಗಳ ಸಾಲಿನಲ್ಲಿ ಅದರ ಹೆಸರು ಕೇಳಿಬರುತ್ತಿತ್ತು. ಅಂಥ ಊರಿನಲ್ಲೂ ಮಕ್ಕಳು ಹೀಗೆ ಬದುಕುತ್ತಿದ್ದಾರೆಂದರೆ ಎಲ್ಲ ಊರಲ್ಲೂ ಬದುಕುತ್ತಿದ್ದಾರೆ ಎಂದೇ ಅರ್ಥ. ಪೈಕ್ ಸ್ಟ್ರೀಟ್ ಎಂಬ ರಸ್ತೆಯ ಒಂದೆರಡು ತುಂಡುಗಳೇ ಈ ಮಕ್ಕಳ ಊರು, ಕಚೇರಿ, ಅಂಗಳ.

ಟೈನಿ ಮಾರ್ಕ್ ಕಣ್ಣಿಗೆ ಬಿದ್ದದ್ದು ಹದಿಹರೆಯದವರು ಸೇರುವ ಒಂದು ಕ್ಲಬ್ಬಿನ ಹೊರಗೆ, ಕಾರು ನಿಲ್ಲಿಸುವ ಜಾಗದಲ್ಲಿ. ಟ್ಯಾಕ್ಸಿಯಿಂದ ಇಬ್ಬರು ಹುಡುಗಿಯರು ಇಳಿದರು. ದೊಡ್ಡವರ ಬಟ್ಟೆ, ದೊಡ್ಡವರ ಬಣ್ಣ, ಮುಖ ಮಾತ್ರ ಪ್ರಾಥಮಿಕ ಶಾಲೆಯದು. ಮಾರ್ಕ್ ಹತ್ತಿರ ಹೋಗುತ್ತಿದ್ದಂತೆ ಪೊಲೀಸರೇ ಬಂದರೆಂದುಕೊಂಡು ಕಿರುಚುತ್ತ ಓಡಿದರು. ಮಾರ್ಕ್ ಹಿಂದೆಯೇ ಓಡಿದರು. ಆಮೇಲೆ ಹುಡುಗಿಯ ಮನೆಗೆ ಹೋಗಿ ತಾಯಿಯನ್ನು ಕಂಡರು. ತಾಯಿ ಹೋಟೆಲಿನಲ್ಲಿ ಬಡಿಸುವ ಕೆಲಸದವಳು, ಕುಡಿತಕ್ಕೆ ಬಿದ್ದವಳು. ಮಗಳು ಏನು ಮಾಡಿ ದುಡ್ಡು ತರುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು. ವಯಸ್ಸಿನ ಹುಚ್ಚು, ಕಳೆದುಹೋಗುತ್ತದೆ ಎಂದುಕೊಂಡಿದ್ದಳು.

ಆ ವರ್ಷದ ಜುಲೈ ಸಂಚಿಕೆಯಲ್ಲಿ ಲೇಖನ ಬಂತು. ಅಷ್ಟಕ್ಕೆ ಮುಗಿಸಲು ಮಾರ್ಕ್‌ಗೆ ಮನಸ್ಸಾಗಲಿಲ್ಲ. ಗಂಡ ಮಾರ್ಟಿನ್ ಬೆಲ್ ಚಲನಚಿತ್ರ ತೆಗೆಯುವವರು. ಕಂಟ್ರಿ ಸಂಗೀತದ ಹಾಡುಗಾರ ವಿಲ್ಲಿ ನೆಲ್ಸನ್ ಚಿತ್ರಕ್ಕೆ ಮೊದಲ ಹಣ ಕೊಟ್ಟರು. ಮಾರ್ಕ್, ಬೆಲ್, ಮೆಕಾಲ್ ಮೂವರೂ ಸಿಯಾಟಲ್‌ಗೆ ಮರಳಿ 'ಸ್ಟ್ರೀಟ್‌ವೈಸ್' ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದು 1984ರಲ್ಲಿ ಹೊರಬಂದು ಆಸ್ಕರ್‌ಗೆ ನಾಮನಿರ್ದೇಶನ ಪಡೆಯಿತು.

ಈ ಚಿತ್ರದಲ್ಲಿ ಮಕ್ಕಳ ಬೀದಿವ್ಯವಹಾರ ಬಹಳ ಸ್ಪಷ್ಟವಾಗಿ ಕಾಣುತ್ತದೆ. ರ್‍ಯಾಟ್ ಎಂಬ ಅಡ್ಡಹೆಸರಿನ ಹುಡುಗ ಊಟದ ಉಪಾಯವೊಂದನ್ನು ವಿವರಿಸುತ್ತಾನೆ. ಪಿಜ್ಜಾ ಅಂಗಡಿಗೆ ಫೋನ್ ಮಾಡಿ, ಯಾವುದೋ ಹೆಸರಿನಲ್ಲಿ ಪಿಜ್ಜಾ ಮಾಡಿಡಲು ಹೇಳಬೇಕು. ಯಾರೂ ಒಯ್ಯಲು ಬರುವುದಿಲ್ಲ. ಅಂಗಡಿಯವರು ಕೊನೆಗೆ ಅದನ್ನು ಹಿಂದಿನ ಕಸದ ಡಬ್ಬಕ್ಕೆ ಹಾಕುತ್ತಾರೆ. ಅಲ್ಲಿ ಇವರು ಕಾದಿರುತ್ತಾರೆ. ಪಾಳು ಹೋಟೆಲಿನಲ್ಲಿ ಮಲಗುವುದು, ಚಿಲ್ಲರೆ ಬೇಡುವುದು, ಗಿರಾಕಿ ಹಿಡಿಯುವುದು, ಸಿಕ್ಕಷ್ಟು ಅಮಲು ಹಂಚಿಕೊಳ್ಳುವುದು, ಇವೆಲ್ಲ ಒಂದೇ ದಿನದೊಳಗೆ ಹೆಣೆದುಕೊಂಡಿವೆ. ಅಮಲನ್ನು ಬೇರೆ ತೆಗೆದು ತೋರಿಸಲು ಬರುವುದಿಲ್ಲ. ಮಾರ್ಕ್ ಅವರ ದೊಡ್ಡತನ ಇಲ್ಲೇ ಇದೆ. ಮಾದಕ ವ್ಯಸನ ಎಂದು ಶೀರ್ಷಿಕೆ ಕೊಟ್ಟು ಸೂಜಿಯ ಮೇಲೆ ಕ್ಯಾಮೆರಾ ಇಟ್ಟಿದ್ದರೆ ಚಿತ್ರ ಸಿಗುತ್ತಿತ್ತು, ಮಕ್ಕಳು ಸಿಗುತ್ತಿರಲಿಲ್ಲ. ಮಾರ್ಕ್ ಅವರ ಕಪ್ಪುಬಿಳುಪು ಚಿತ್ರಗಳಲ್ಲಿ ಲಿಲ್ಲಿ ಎಂಬ ಹುಡುಗಿ ಸಿಗರೇಟು ಹಿಡಿದಿದ್ದಾಳೆ, ಮುಖ ನೋಡಿದರೆ ಪ್ರಾಯ ಕಳೆದವಳಂತಿದೆ. ಆದರೆ ಅವಳ ತೋಳಿನಲ್ಲಿ ಒಂದು ಬಟ್ಟೆಗೊಂಬೆ ಇದೆ.

ಟೈನಿಯ ಅತಿ ಪ್ರಸಿದ್ಧ ಚಿತ್ರವೂ 1983ರದೇ. ಹ್ಯಾಲೋವೀನ್ ಹಬ್ಬದ ವೇಷ: ಕಪ್ಪು ಉಡುಪು, ಕಪ್ಪು ಕೈಗವಸು, ಕಣ್ಣಿನ ಮೇಲೆ ಇಳಿಬಿದ್ದ ಜಾಲರಿಯ ಟೋಪಿ. ತೋಳು ಕಟ್ಟಿ, ತುಟಿ ಬಿಗಿದು ನಿಂತಿದ್ದಾಳೆ. ಪ್ಯಾರಿಸ್ಸಿನ ವೇಶ್ಯೆಯ ವೇಷ ಹಾಕಿದ್ದೇನೆ ಎಂಬುದು ಅವಳ ವಿವರಣೆ. ಆಟಕ್ಕೆ ಹಾಕಿದ ವೇಷವೂ ದಿನದ ದುಡಿಮೆಯೂ ಒಂದೇ ಆಗಿಬಿಟ್ಟ ಮಗು ಅದು. ಜಗತ್ತಿನ ಪ್ರದರ್ಶನಗಳಲ್ಲಿ ಆ ಚಿತ್ರ ಸುತ್ತಿತು, ಗೋಡೆಗಳಿಗೇರಿತು, ಪುಸ್ತಕದ ಹೊದಿಕೆಯಾಯಿತು. ಚೆಂದವಾಗಿರುವುದರಿಂದಲೇ ಅದು ನೋಡುವವರನ್ನು ಕಾಡಬೇಕು: ಈ ಚೆಂದ ಯಾರದು, ಬೆಲೆ ತೆತ್ತವರು ಯಾರು?

ಆ ಪ್ರಶ್ನೆ ಮಾರ್ಕ್ ಅವರನ್ನೂ ಬಿಟ್ಟಿರಲಿಲ್ಲ. ಚಿತ್ರೀಕರಣ ಮುಗಿಯುವ ಹೊತ್ತಿಗೆ ಅವರೂ ಬೆಲ್ ಅವರೂ ಟೈನಿಯನ್ನು ನ್ಯೂಯಾರ್ಕಿಗೆ ಕರೆದರು. ತಮ್ಮ ಮನೆಯಲ್ಲೇ ಇರಬಹುದು, ಶಾಲೆಗೆ ಮಾತ್ರ ಹೋಗಬೇಕು ಎಂಬುದು ಷರತ್ತು. ಟೈನಿ ಒಲ್ಲೆನೆಂದಳು. ಶಾಲೆ ಬೇಡವಾಗಿತ್ತು. ಸಾಕ್ಷ್ಯಚಿತ್ರ ಮಾಡುವವರು ಕಂಡದ್ದನ್ನು ದಾಖಲಿಸಬೇಕು, ನಡುವೆ ಕೈ ಹಾಕಬಾರದು ಎಂಬ ಹಳೆಯ ನಿಯಮವೊಂದಿದೆ. ಆ ನಿಯಮವನ್ನು ಎತ್ತಿ ಹಿಡಿಯುವವರು ಹದಿನಾಲ್ಕರ ಮಗುವಿನ ಮುಂದೆ ಅದನ್ನು ಹೇಳಿ ನೋಡಬೇಕು. ಮಾರ್ಕ್ ದಂಪತಿ ಕೈ ಹಾಕಿದ್ದು ಸರಿ; ಅದು ಫಲಿಸಲಿಲ್ಲ ಎಂಬುದು ಬೇರೆ ಮಾತು.

'ಸ್ಟ್ರೀಟ್‌ವೈಸ್' ಮಕ್ಕಳಲ್ಲಿ ಹಲವರು ಬಹಳ ಕಾಲ ಬದುಕಲಿಲ್ಲ. ಡಿವೇನ್ ಎಂಬ ಹುಡುಗ ಬಾಲಾಪರಾಧಿಗಳ ಕೇಂದ್ರದಲ್ಲಿ ನೇಣು ಹಾಕಿಕೊಂಡ. ಅಪ್ಪ ಜೈಲಿನಲ್ಲಿದ್ದವನು; ಮಗನ ಶವಪೆಟ್ಟಿಗೆಯ ಬಳಿಗೆ ಕಾವಲಿನೊಂದಿಗೆ ಬಂದ. ಚಿತ್ರದಲ್ಲಿ ಕಾಣುವ ಹುಡುಗಿಯೊಬ್ಬಳು ಮುಂದೆ ಗ್ರೀನ್ ರಿವರ್ ಕೊಲೆಗಾರ ಎಂದು ಕುಖ್ಯಾತನಾದ ಸರಣಿ ಹಂತಕನಿಗೆ ಬಲಿಯಾದಳು. ಟೈನಿ ಉಳಿದಳು.

ಉಳಿದಳು ಎಂಬ ಒಂದು ಮಾತಿನೊಳಗೆ ಮೂವತ್ತು ವರ್ಷಗಳಿವೆ. ಹದಿಹರೆಯ ಮುಗಿಯುವ ಮುನ್ನವೇ ಮೊದಲ ಮಗು. ಆಮೇಲೆ ಒಂದರ ಹಿಂದೊಂದು, ಒಟ್ಟು ಹತ್ತು. ನಡುವೆ ಕ್ರ್ಯಾಕ್, ಅಂದರೆ ಸೇದುವ ಕೊಕೇನಿನ ಚಟ, ಹಿಡಿಯಿತು. ಮಕ್ಕಳಲ್ಲಿ ಕೆಲವರು ಸರ್ಕಾರದ ಪಾಲನೆಗೆ ಹೋದರು, ಕೆಲವರು ಜೊತೆಗಿದ್ದರು. ಬಹಳ ವರ್ಷಗಳ ನಂತರ ಮೆಥಡೋನ್, ಅಂದರೆ ಹೆರಾಯಿನ್‌ನಂಥ ಅಮಲಿನಿಂದ ಬಿಡಿಸಲು ವೈದ್ಯರ ಉಸ್ತುವಾರಿಯಲ್ಲಿ ಕೊಡುವ ಬದಲಿ ಔಷಧ. ಈ ಅವಧಿಯುದ್ದಕ್ಕೂ ಮಾರ್ಕ್ ಸಿಯಾಟಲ್‌ಗೆ ಹೋಗುತ್ತಲೇ ಇದ್ದರು. ಬೆಲ್ 2005ರಲ್ಲಿ ನಡುವಿನ ವರ್ಷಗಳ ಮೇಲೊಂದು ಕಿರುಚಿತ್ರವನ್ನೂ ಮಾಡಿದರು. ಮಾರ್ಕ್ ತೆಗೆದ ಈ ಎಲ್ಲ ಚಿತ್ರಗಳನ್ನು ಸಾಲಾಗಿ ನೋಡಿದರೆ ಮನಸ್ಸು ನಿಲ್ಲುವುದು ಅಮಲಿನ ಗಳಿಗೆಗಳ ಮೇಲಲ್ಲ. ಬಸುರಿ ಟೈನಿ, ಎದೆಯ ಮೇಲೆ ಕೂಸು ಮಲಗಿಸಿಕೊಂಡ ಟೈನಿ, ನಾಯಿಗಳ ನಡುವೆ, ಅಸ್ತವ್ಯಸ್ತ ಹಾಸಿಗೆಯ ಮೇಲೆ, ಸಿಟ್ಟಿನಲ್ಲಿ, ಬಳಲಿಕೆಯಲ್ಲಿ, ನಗುವಿನಲ್ಲಿ ಟೈನಿ. ಮುಖ ಊದುತ್ತದೆ, ಮೈ ತುಂಬುತ್ತದೆ, ಕಣ್ಣು ಮಾತ್ರ ಹ್ಯಾಲೋವೀನ್ ಹುಡುಗಿಯದೇ. ಹದಿನಾಲ್ಕರ ಟೈನಿ ತನಗೆ ಕುದುರೆಗಳು ಬೇಕು, ವಿಹಾರದ ಹಡಗುಗಳು ಬೇಕು, ವಜ್ರ ಬೇಕು ಎಂದಿದ್ದಳು. ಮಕ್ಕಳೂ ತುಂಬ ಬೇಕೆಂದಿದ್ದಳು. ಅದೊಂದು ಮಾತ್ರ ನಡೆಯಿತು.

ಒಂದು ಚಿತ್ರ ಮನುಷ್ಯರನ್ನು ರೋಗದ ಮಾದರಿಯಾಗಿಸಿಬಿಡುತ್ತದೆ: ಇಗೋ, ಹೆರಾಯಿನ್ ಹೀಗೆ ಮಾಡುತ್ತದೆ, ನೋಡಿ. ಅದೇ ಮುಖಕ್ಕೆ ಹತ್ತು ಸಲ, ನೂರು ಸಲ ಮರಳಿದಾಗ ಮಾದರಿ ಕರಗುತ್ತದೆ. ಆ ಹೆಂಗಸಿಗೆ ಅಡುಗೆ ಬರುತ್ತದೆ, ಮಕ್ಕಳಿಗೆ ಬೈಯುತ್ತಾಳೆ, ಸುಳ್ಳು ಹೇಳುತ್ತಾಳೆ, ಆಸೆ ಪಡುತ್ತಾಳೆ ಎಂಬುದೆಲ್ಲ ಕಾಣತೊಡಗುತ್ತದೆ. ಚಟವೂ ಇರುತ್ತದೆ, ಒಂದು ಬದುಕಿನ ಒಳಗೆ.

ಮಾರ್ಕ್ ಈ ಹಾದಿಗೆ ಸುಮ್ಮನೆ ಬಿದ್ದವರಲ್ಲ. 1940ರಲ್ಲಿ ಫಿಲಡೆಲ್ಫಿಯಾದ ಹೊರವಲಯದಲ್ಲಿ ಹುಟ್ಟಿ, ಚಿತ್ರಕಲೆ ಓದಿ, ಆಮೇಲೆ ಪತ್ರಿಕಾ ಛಾಯಾಗ್ರಹಣ ಕಲಿತವರು. ಅವರಿಗೆ ಹೆಸರು ತಂದ ಮೊದಮೊದಲ ಕೆಲಸಗಳಲ್ಲಿ ಒಂದು, ಲಂಡನ್ನಿನ ಹೆರಾಯಿನ್ ವ್ಯಸನಿಗಳ ಮೇಲೆ 'ಲುಕ್' ಪತ್ರಿಕೆಗೆ ಮಾಡಿದ ಚಿತ್ರಗಳು. ಬ್ರಿಟನ್ನಿನಲ್ಲಿ ಆಗ ವ್ಯಸನಿಗಳಿಗೆ ವೈದ್ಯರೇ ಹೆರಾಯಿನ್ ಬರೆದುಕೊಡುವ ವ್ಯವಸ್ಥೆಯಿತ್ತು. ವ್ಯಸನಿಯನ್ನು ಕೈದಿಯಾಗಿ ನೋಡುವ ದೇಶದಿಂದ ಬಂದ ತರುಣಿ, ವ್ಯಸನಿಯನ್ನು ರೋಗಿಯಾಗಿ ನೋಡುವ ಆಸ್ಪತ್ರೆಯಲ್ಲಿ ನಿಂತು ಚಿತ್ರ ತೆಗೆದದ್ದು ಅವರ ಕಣ್ಣನ್ನು ರೂಪಿಸಿರಲೇಬೇಕು.

ನಮ್ಮ ಕಡೆಗೂ ಅವರು ಬಂದರು. ಮುಂಬೈನ ಫಾಕ್ಲೆಂಡ್ ರಸ್ತೆಯ ವೇಶ್ಯೆಯರ ಚಿತ್ರ ತೆಗೆಯಲು ಹತ್ತು ವರ್ಷ ಪ್ರಯತ್ನಪಟ್ಟರು. ಹೆಂಗಸರು ಅವರ ಮೇಲೆ ಕಸ ಎಸೆದರು, ನೀರು ಎರಚಿದರು. 1978ರಲ್ಲಿ ಹಟ ಹಿಡಿದು ಬಂದು ರಸ್ತೆಯಲ್ಲೇ ಕೂತರು. ಮೆಲ್ಲಮೆಲ್ಲನೆ ಬಾಗಿಲುಗಳು ತೆರೆದವು. ಆ ಪುಸ್ತಕ 1981ರಲ್ಲಿ ಬಂತು. ಉತ್ತರ ಕರ್ನಾಟಕದ ಹಳ್ಳಿಗಳಿಂದ ದೇವದಾಸಿ ಪದ್ಧತಿಯ ಹಾದಿಯಲ್ಲಿ ಹೆಣ್ಣುಮಕ್ಕಳು ಹೋಗಿ ಸೇರುತ್ತಿದ್ದದ್ದು ಆ ರಸ್ತೆಯಿರುವ ಕಾಮಾಠಿಪುರದ ಆಸುಪಾಸಿನ ಬೀದಿಗಳಿಗೆ ಎಂಬುದು ನೆನಪಿದ್ದ ಕನ್ನಡಿಗರಿಗೆ ಆ ಪುಟಗಳು ದೂರದವೆನ್ನಿಸುವುದಿಲ್ಲ.

ಮರಳಿ ಹೋಗುವುದೆಂದರೆ ಒಳ್ಳೆಯ ಸುದ್ದಿಯೇ ಸಿಗುತ್ತದೆಂದೇನೂ ಇಲ್ಲ. 1987ರಲ್ಲಿ ಮಾರ್ಕ್ ಲಾಸ್ ಏಂಜಲಿಸ್‌ನಲ್ಲಿ ಕಾರಿನೊಳಗೇ ಸಂಸಾರ ಮಾಡುತ್ತಿದ್ದ ಡ್ಯಾಮ್ ಕುಟುಂಬದ ಚಿತ್ರ ತೆಗೆದರು: ಗಂಡ, ಹೆಂಡತಿ, ಎರಡು ಮಕ್ಕಳು. 'ಲೈಫ್' ಓದುಗರ ಮನ ಕರಗಿ ನೆರವು ಹರಿದುಬಂತು. ಕೆಲವು ವರ್ಷಗಳ ನಂತರ ಮಾರ್ಕ್ ಹುಡುಕಿಕೊಂಡು ಹೋದಾಗ ಆ ಕುಟುಂಬ ಮರುಭೂಮಿಯಂಚಿನ ಪಾಳು ಜಾಗದಲ್ಲಿತ್ತು. ಹೆತ್ತವರು ಅಮಲಿನಲ್ಲಿ ಮುಳುಗಿದ್ದರು. ಒಂದು ಚಿತ್ರ, ಒಂದು ಕಂತಿನ ಕನಿಕರ, ಇವು ಚಟದ ಮುಂದೆ ಎಷ್ಟು ದೂರ ಹೋಗುತ್ತವೆ ಎಂಬುದು ಎರಡನೇ ಸಲ ಹೋದವರಿಗಷ್ಟೇ ತಿಳಿಯುತ್ತದೆ.

ಸೂಜಿಯ ಮೇಲೆಯೇ ಕಣ್ಣಿಟ್ಟ ಪರಂಪರೆಯೂ ಇದೆ, ಅದನ್ನು ತಳ್ಳಿಹಾಕಲಾಗದು. 1965ರ ಫೆಬ್ರುವರಿಯಲ್ಲಿ 'ಲೈಫ್' ಪ್ರಕಟಿಸಿದ ಬಿಲ್ ಎಪ್ರಿಜ್ ಅವರ ಚಿತ್ರಗಳು ನ್ಯೂಯಾರ್ಕಿನ ಒಂದು ಹೆರಾಯಿನ್ ಜೋಡಿಯ ದಿನಚರಿ. ಮ್ಯಾನ್‌ಹ್ಯಾಟನ್ನಿನ ಎಪ್ಪತ್ತೆರಡನೇ ಬೀದಿಯ ಬಳಿ ವ್ಯಸನಿಗಳು ಸೇರುತ್ತಿದ್ದ ಪುಟ್ಟ ಚೌಕಕ್ಕೆ ನೀಡಲ್ ಪಾರ್ಕ್ ಎಂಬ ಹೆಸರೇ ಬಿದ್ದಿತ್ತು. ಎಪ್ರಿಜ್ ತಿಂಗಳುಗಟ್ಟಲೆ ಅವರ ಜೊತೆ ಅಲೆದು, ಅವರಂತೆಯೇ ಕಾಣತೊಡಗಿ, ಕ್ಯಾಮೆರಾ ಕದ್ದವನೆಂಬ ಅನುಮಾನದಲ್ಲಿ ಪೊಲೀಸರ ಕೈಗೂ ಸಿಕ್ಕರು. ಜೊತೆಗಿದ್ದ ವರದಿಗಾರ ಜೇಮ್ಸ್ ಮಿಲ್ಸ್ ಅದನ್ನೇ ಕಾದಂಬರಿಯಾಗಿಸಿದರು. 1971ರಲ್ಲಿ ಅಲ್ ಪಚೀನೊ ನಟಿಸಿದ ಚಲನಚಿತ್ರವೂ ಆಯಿತು. ಅದೇ 1971ರಲ್ಲಿ ಛಾಯಾಗ್ರಾಹಕ ಲ್ಯಾರಿ ಕ್ಲಾರ್ಕ್ ತಮ್ಮೂರಿನ ಹೆಸರಿನದೇ 'ಟಲ್ಸಾ' ಪುಸ್ತಕ ತಂದರು. ಅವರು ಹೊರಗಿನಿಂದ ಬಂದವರಲ್ಲ. ಹದಿನಾರರಿಂದಲೇ ಗೆಳೆಯರ ಜೊತೆ ಆಂಫೆಟಮೀನ್ ಚುಚ್ಚಿಕೊಂಡವರು. ಒಳಗಿನವರೇ ತೆಗೆದ ಆ ಚಿತ್ರಗಳಲ್ಲಿ ಕಪಟವಿಲ್ಲ. ಆದರೆ ಅಮಲಿಗೆ ಒಂದು ಮೋಹಕತೆ ಅಂಟಿಕೊಂಡಿದೆ. ಅದನ್ನು ನಕಲು ಮಾಡಿದ ಎಷ್ಟೋ ಫ್ಯಾಷನ್ ಪುಟಗಳು ಮುಂದೆ ಬಂದವು.

ಛಾಯಾಗ್ರಾಹಕ ಯೂಜೀನ್ ರಿಚರ್ಡ್ಸ್ ಅವರ 'ಕೊಕೇನ್ ಟ್ರೂ, ಕೊಕೇನ್ ಬ್ಲೂ' ಪುಸ್ತಕ 1994ರಲ್ಲಿ ಬಂದಾಗ ಎದ್ದ ಜಗಳ ಇನ್ನೂ ಮುಗಿದಿಲ್ಲ. ಬ್ರೂಕ್ಲಿನ್ನಿನ ಈಸ್ಟ್ ನ್ಯೂಯಾರ್ಕ್ ಮತ್ತು ರೆಡ್ ಹುಕ್, ಫಿಲಡೆಲ್ಫಿಯಾದ ಉತ್ತರ ಭಾಗ, ಮೂರೂ ಬಡವರ ಕೇರಿಗಳು. ಮುಖಪುಟದಲ್ಲಿ ಸಿರಿಂಜನ್ನು ಹಲ್ಲಿನಲ್ಲಿ ಕಚ್ಚಿದ ಹೆಂಗಸಿನ ಮುಖ, ಕಣ್ಣಿಗೆ ಕಣ್ಣಿಡುವಷ್ಟು ಹತ್ತಿರ. ಪುಸ್ತಕದಲ್ಲಿ ಕಾಣುವವರು ಬಹುತೇಕ ಕರಿಯರು, ಲ್ಯಾಟಿನೊಗಳು. ಕೊಕೇನ್ ಬಳಸುವ ಅಮೆರಿಕನ್ನರಲ್ಲಿ ಬಿಳಿಯರೇ ಹೆಚ್ಚು, ಅವರೆಲ್ಲಿ ಎಂದು 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಬ್ರೆಂಟ್ ಸ್ಟೇಪಲ್ಸ್ ಕಟುವಾಗಿ ಬರೆದರು. ಆಕ್ಷೇಪ ಹುಸಿಯಲ್ಲ. 1986ರ ಕಾನೂನು ಬಡವರ ಬೀದಿಯ 5 ಗ್ರಾಂ ಕ್ರ್ಯಾಕಿಗೂ ಉಳ್ಳವರ ಪಾರ್ಟಿಯ 500 ಗ್ರಾಂ ಕೊಕೇನ್ ಪುಡಿಗೂ ಒಂದೇ ಶಿಕ್ಷೆ, ಕನಿಷ್ಠ 5 ವರ್ಷ ಜೈಲು, ಗೊತ್ತುಮಾಡಿತ್ತು. 2010ರಲ್ಲಿ ಆ ನೂರಕ್ಕೊಂದರ ಅನುಪಾತ ಹದಿನೆಂಟಕ್ಕೆ ಒಂದಾಯಿತು, ಸಮವಾಗಲಿಲ್ಲ. ಕೇರಿಗಳು ಹೀಗೆ ಜೈಲು ತುಂಬುತ್ತಿದ್ದ ಕಾಲದಲ್ಲಿ ಅಂಥ ಮುಖಪುಟ ಯಾರ ಭಯಕ್ಕೆ ಸಾಕ್ಷಿಯಾಗುತ್ತದೆ ಎಂದು ಕೇಳಲೇಬೇಕು. ರಿಚರ್ಡ್ಸ್ ಬಗ್ಗೆ ಇದೊಂದನ್ನೇ ಹೇಳಿದರೆ ಮಾತ್ರ ಅನ್ಯಾಯ. ಅವರು ತಾರುಣ್ಯದಲ್ಲಿ ಆರ್ಕನ್ಸಾದ ಬಡ ಕರಿಯರ ನಡುವೆ ಸೇವಾಕಾರ್ಯಕರ್ತರಾಗಿ ದುಡಿದವರು. ಈ ಪುಸ್ತಕದಲ್ಲಿ ಜನರ ಮಾತನ್ನು ಪುಟಗಟ್ಟಲೆ ಅವರವರ ದನಿಯಲ್ಲೇ ಕೊಟ್ಟಿದ್ದಾರೆ. ಚಿತ್ರ ನೋಡಿದವರು ಮಾತು ಓದಲಿಲ್ಲ ಎಂಬುದು ಆ ಪುಸ್ತಕದ ದುರದೃಷ್ಟ.

2018ರಲ್ಲಿ 'ಟೈಮ್' ಪತ್ರಿಕೆ ಒಂದಿಡೀ ಸಂಚಿಕೆಯನ್ನು ಜೇಮ್ಸ್ ನ್ಯಾಕ್ಟ್‌ವೇ ಅವರ ಓಪಿಯಾಯ್ಡ್ (ಹೆರಾಯಿನ್ ಜಾತಿಯ ಅಮಲು) ವ್ಯಸನದ ಚಿತ್ರಗಳಿಗೆ ಬಿಟ್ಟುಕೊಟ್ಟಿತು. ಆ ಹೊತ್ತಿಗೆ ಬಿಳಿಯರ ಊರುಗಳಲ್ಲೂ ಹೆಣಗಳು ಬೀಳುತ್ತಿದ್ದವು, ಚಟವನ್ನು ರೋಗ ಎಂದು ಕರೆಯಲು ರಾಜಕಾರಣಿಗಳೂ ಕಲಿತಿದ್ದರು. ಆ ಕನಿಕರ ಮೂವತ್ತು ವರ್ಷ ಮೊದಲೇ ರೆಡ್ ಹುಕ್‌ಗೆ ಸಲ್ಲಬೇಕಿತ್ತು.

ಮಾರ್ಕ್ ಅವರಂತೆ ಮರಳಿ ಮರಳಿ ಹೋದವರಲ್ಲಿ ಛಾಯಾಗ್ರಾಹಕಿ ಡಾರ್ಸಿ ಪಡಿಯಾ ಅವರ ಹೆಸರು ಹೇಳದಿರಲಾಗದು. 1993ರ ಜನವರಿ, ಸ್ಯಾನ್ ಫ್ರಾನ್ಸಿಸ್ಕೊದ ಟೆಂಡರ್‌ಲಾಯ್ನ್ ಎಂಬ ಬಡ ಬಡಾವಣೆ. ಏಡ್ಸ್ ರೋಗಿಗಳು, ವ್ಯಸನಿಗಳು ತಿಂಗಳ ಬಾಡಿಗೆಗೆ ಒಂದೊಂದು ಕೋಣೆ ಹಿಡಿದು ಬದುಕುವ ಹೋಟೆಲು. ಹಜಾರದಲ್ಲಿ ಹದಿನೆಂಟರ ಜೂಲಿ ಬರಿಗಾಲಲ್ಲಿ ನಿಂತಿದ್ದಳು, ಕೈಯಲ್ಲಿ ಎಂಟು ದಿನದ ಹೆಣ್ಣುಮಗು. ಹದಿನಾಲ್ಕಕ್ಕೇ ಮನೆ ಬಿಟ್ಟವಳು. ಅಮಲು, ಎಚ್‌ಐವಿ, ಒಂದೊಂದಾಗಿ ಕೈತಪ್ಪಿಹೋದ ಮಕ್ಕಳು, ಊರಿಂದೂರಿಗೆ ಅಲೆದಾಟ, ಕಟ್ಟಕಡೆಗೆ ಅಲಾಸ್ಕಾದ ಚಳಿಯಲ್ಲೊಂದು ಬಡ ಮನೆ. ಪಡಿಯಾ ಹದಿನೆಂಟು ವರ್ಷ ಅವಳ ಬೆನ್ನಿಗಿದ್ದರು. ಜೂಲಿ 2010ರ ಸೆಪ್ಟೆಂಬರ್‌ನಲ್ಲಿ, ಮೂವತ್ತಾರನೇ ವಯಸ್ಸಿನಲ್ಲಿ ತೀರಿಕೊಂಡಳು. ಪಡಿಯಾ ಆಮೇಲೂ ಆ ಕುಟುಂಬವನ್ನು ಕಾಣುವುದು ಬಿಡಲಿಲ್ಲ. 2015ರಲ್ಲಿ ವರ್ಲ್ಡ್ ಪ್ರೆಸ್ ಫೋಟೊ ಆ ದೀರ್ಘ ಕೆಲಸಕ್ಕೆ ಮೊದಲ ಬಹುಮಾನ ಕೊಟ್ಟಿತು. ಆ ಚಿತ್ರಗಳನ್ನು ಒಂದೇ ಕೂತಿಗೆ ನೋಡಿ ಮುಗಿಸುವುದು ಕಷ್ಟ. ಮುಗಿಸಿದವರಿಗೆ ಜೂಲಿ ಯಾವ ಸಮೀಕ್ಷೆಯ ಅಂಕಿಯೂ ಆಗಿ ಉಳಿಯುವುದಿಲ್ಲ.

ಇಂಥ ಕೆಲಸ ಬೆಂಗಳೂರಿನಲ್ಲಿ ನಡೆದೀತೇ? ಮೆಜೆಸ್ಟಿಕ್‌ನಲ್ಲಿ, ರೈಲು ನಿಲ್ದಾಣದ ಆಸುಪಾಸಿನಲ್ಲಿ, ಬಟ್ಟೆಗೆ ವೈಟ್ನರ್ ಅಥವಾ ಪಂಕ್ಚರ್ ಹಾಕುವ ಸೊಲ್ಯೂಷನ್ ಸವರಿ ಮೂಗಿಗೆ ಹಿಡಿದ ಹುಡುಗರನ್ನು ಕಾಣದವರಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ, ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ಪ್ರಕಾರ, ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿರುವ ಅಮಲು ಈ ಮೂಸುವ ವಸ್ತುಗಳದೊಂದೇ: ಮಕ್ಕಳಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ಬಾಸ್ಕೊದಂಥ ಸಂಸ್ಥೆಯ ಕಾರ್ಯಕರ್ತರು 1980ರಿಂದ ಈ ಮಕ್ಕಳ ಜೊತೆ ನಿಲ್ದಾಣಗಳಲ್ಲಿ ಮಾತಾಡುತ್ತ ಬಂದಿದ್ದಾರೆ. ಕ್ಯಾಮೆರಾಕ್ಕೆ ಮಾತ್ರ ಇಲ್ಲೊಂದು ಗೆರೆ ಇದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಂತೆ, ರಕ್ಷಣೆ ಬೇಕಿರುವ ಮಗುವಿನ ಗುರುತು ಸಿಗುವ ಹೆಸರನ್ನಾಗಲಿ ಚಿತ್ರವನ್ನಾಗಲಿ ಪ್ರಕಟಿಸುವಂತಿಲ್ಲ; ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹದಿನಾಲ್ಕರ ಟೈನಿಯ ಚಿತ್ರ ಇಂದು ಇಲ್ಲಿ ಅಪರಾಧವಾಗುತ್ತಿತ್ತು. ಕಾನೂನು ಸರಿಯಾಗಿದೆ. ಆ ವಯಸ್ಸಿನ ಮಗು ಕೊಡುವ ಒಪ್ಪಿಗೆಗೆ ಅರ್ಥವಿಲ್ಲ. ಮುಂದಿನ ನಲವತ್ತು ವರ್ಷ ತನ್ನ ಮುಖ ಯಾವ ಯಾವ ಗೋಡೆಯ ಮೇಲಿರುತ್ತದೆಂದು ಊಹಿಸಲೂ ಅದಕ್ಕಾಗದು. ಆದರೆ ಮುಖವಿಲ್ಲದ, ಬೆನ್ನು ತಿರುಗಿಸಿದ, ಮಸುಕು ಮಾಡಿದ ಮಕ್ಕಳ ಚಿತ್ರಗಳನ್ನೇ ನೋಡಿ ನೋಡಿ ಓದುಗರಿಗೆ ಅವರೆಲ್ಲ ಒಂದೇ ಮಗುವಾಗಿಬಿಟ್ಟಿದ್ದಾರೆ. ಮುಖ ತೋರಿಸದೆಯೂ ಒಬ್ಬ ಹುಡುಗನನ್ನು ಅವನಾಗಿಯೇ ತೋರಿಸುವ ದಾರಿಯನ್ನು ನಮ್ಮ ಛಾಯಾಗ್ರಾಹಕರು ಕಂಡುಕೊಳ್ಳಬೇಕು. ಅದು ಒಂದು ಮಧ್ಯಾಹ್ನದಲ್ಲಿ ಆಗುವ ಕೆಲಸವಲ್ಲ.

ಟೈನಿಯ ವಿಷಯದಲ್ಲಿ ಆ ಒಪ್ಪಿಗೆಯ ಪ್ರಶ್ನೆಗೆ ಉತ್ತರ ತಡವಾಗಿಯಾದರೂ ಬಂತು. ಮಾರ್ಕ್ ಕೊನೆಯದಾಗಿ ಸಿದ್ಧಪಡಿಸಿದ 'ಟೈನಿ: ಸ್ಟ್ರೀಟ್‌ವೈಸ್ ರಿವಿಸಿಟೆಡ್' ಪುಸ್ತಕದಲ್ಲಿ ಚಿತ್ರಗಳ ಜೊತೆಗಿರುವುದು ಟೈನಿಯ ಮಾತು. ಹಳೆಯ ಚಿತ್ರಗಳನ್ನು ಆಕೆಯೇ ನೋಡುತ್ತಾಳೆ, ಯಾರು ಯಾರೆಂದು ಹೇಳುತ್ತಾಳೆ, ಅಮಲಿನ ದಿನಗಳಲ್ಲಿ ಮಕ್ಕಳಿಗೆ ಏನಾಯಿತೆಂದು ಹೇಳುತ್ತಾಳೆ. ಹದಿನಾಲ್ಕರಲ್ಲಿ ನಿರಾಕರಿಸಿದ ನ್ಯೂಯಾರ್ಕಿನ ಮಾತೂ ಅವರಿಬ್ಬರ ನಡುವೆ ಬರುತ್ತದೆ. ಪುಸ್ತಕ ಅಚ್ಚಿಗೆ ಸಿದ್ಧವಾಗುತ್ತಿದ್ದಾಗಲೇ, 2015ರ ಮೇ 25ರಂದು, ಮಾರ್ಕ್ ರಕ್ತದ ಕಾಯಿಲೆಯಿಂದ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ವಯಸ್ಸು ಎಪ್ಪತ್ತೈದು. ಅದೇ ವರ್ಷ ಪುಸ್ತಕ ಹೊರಬಂತು, ಮರುವರ್ಷ ಬೆಲ್ ಚಿತ್ರ ಮುಗಿಸಿ ತೆರೆಗೆ ತಂದರು. ಅದರಲ್ಲಿ ಟೈನಿ ಇನ್ನೂ ಮೆಥಡೋನ್ ತೆಗೆದುಕೊಳ್ಳುತ್ತಿದ್ದಾಳೆ, ಮಕ್ಕಳಲ್ಲಿ ಕೆಲವರು ತಾಯಿಯ ಹಾದಿಯಲ್ಲೇ ಎಡವುತ್ತಿದ್ದಾರೆ, ಮನೆ ತುಂಬ ಮೊದಲಿನದೇ ಗಲಾಟೆ.